ನೂರಕ್ಕೆ ಎಷ್ಟು ಕೆಂಪು

ಎದುರು ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರು ಮೊಳೆಗೆ ಬಿಗಿದುಕೊಂಡು ಸುಮ್ಮನೆ ನಿಂತಿತ್ತು, ನಿಲ್ಲದೆ ಓಡಾಡುತ್ತಿದ್ದದ್ದು ಅದರ ಬಣ್ಣ ಮಾತ್ರ — ಬಲಗಣ್ಣಿನಲ್ಲಿ ನೋಡಿದರೆ ಈಗಷ್ಟೇ ಬಳಿದ ಹಾಗೆ, ಎಡಗಣ್ಣಿನಲ್ಲಿ ನೋಡಿದರೆ ಹತ್ತು ವರ್ಷ ಬಿಸಿಲು ಕುಡಿದ ಹಂಚಿನ ಹಾಗೆ, ಅದೇ ಸಿಲಿಂಡರು, ಅದೇ ಗೋಡೆ, ಅದೇ ಟ್ಯೂಬ್‌ಲೈಟು, ಬದಲಾಗಿದ್ದು ರೆಪ್ಪೆಯೊಂದೇ. ಇನ್ನೊಂದು ಸಲ, ಇದೇ ಕೊನೆ, ಆಮೇಲೆ ನೋಡುವುದಿಲ್ಲ ಎಂದುಕೊಂಡು ಅವಳು ಮತ್ತೆ ಎಡಗಣ್ಣು ಮುಚ್ಚಿದಳು, ತೆರೆದಳು, ಬಲಗಣ್ಣು ಮುಚ್ಚಿದಳು, ಯಾರಿಗೆ ಅತ್ತಿಗೆ ಕಣ್ಣು ಹೊಡೀತಿದ್ದೀರಿ, ಆ ಸಿಲಿಂಡರಿಗಾ, ಅಂದಳು ಪಕ್ಕದ ಕುರ್ಚಿಯ ನಾದಿನಿ, ನಮ್ಮಣ್ಣನಿಗಿಂತ ಅದೇ ವಾಸಿ ಬಿಡಿ, ಹೊಟ್ಟೆ ಇಬ್ಬರದೂ ಒಂದೇ ಥರ, ಆದ್ರೆ ಅದು ಗೊರಕೆ ಹೊಡೆಯಲ್ಲ. ಅವಳು ನಕ್ಕಳು, ನಗು ಗಂಟಲಿನಿಂದಾಚೆಗೆ ಮಾತ್ರ ಬಂತು, ಧೂಳು ಕಣೇ, ಇನ್ನೂ ಚುಚ್ತಾ ಇದೆ ಅಂದಳು, ಮೂರು ವಾರದಿಂದ ಅದೇ ಧೂಳು. ಧೂಳೆಂದರೆ ನಾದಿನಿ ನಂಬಿದ್ದಾಳೆ, ನಂಬಿ ಅರ್ಧ ದಿನ ರಜೆ ಹಾಕಿ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಬಂದಿದ್ದಾಳೆ, ನಿನ್ನೆ ಲೋಟದ ಪಕ್ಕಕ್ಕೆ ನೀರು ಸುರಿದದ್ದನ್ನು ನೋಡಿ, ಅಯ್ಯೋ ಅತ್ತಿಗೆ ಮೇಜಿಗೂ ಬಾಯಾರಿಕೆನಾ ಎಂದು ನಕ್ಕವಳು ಆಮೇಲೆ ನಗದೆ ನೋಡಿದ್ದಳು. ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿದೆ. ಚೀಟಿಯ ಮೇಲೆ ಬಲ, ಎಡ, ಎರಡಕ್ಕೂ ಒಂದೇ ಅಂಕಿ, ಎರಡೂ ಚೆನ್ನಾಗಿದೆ ಅಂತ ಅರ್ಥ, ದಪ್ಪ ಚೌಕಟ್ಟಿನ ಕನ್ನಡಕದ ನರ್ಸಮ್ಮ ಬರೆದುಕೊಟ್ಟದ್ದು, ಮತ್ತು ಅದು ಸುಳ್ಳು, ನರ್ಸಮ್ಮನ ಸುಳ್ಳಲ್ಲ, ತನ್ನದು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ದೇವರಾಣೆ ಅಲ್ಲ — ನರ್ಸಮ್ಮ ಮೊದಲು ಬಲಗಣ್ಣಲ್ಲಿ ಓದಿಸಿದಳು, ಗ, ಟ, ರ, ಪ, ವ, ಕೆಳಗಿನ ಸಾಲು ನ, ಸ, ಲ, ಬ, ದ, ಎಲ್ಲ ಸರಾಗ, ಆಮೇಲೆ ಬಲಗಣ್ಣಿಗೆ ಕಪ್ಪು ತಟ್ಟೆ ಅಡ್ಡ ಹಿಡಿದು ಈಗ ಹೇಳಿ ಅಂದಳು, ಎದುರಿನ ಹಲಗೆಯ ಮಧ್ಯೆ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಒಂದು ಮಸುಕು, ಅಕ್ಷರವಿದ್ದಲ್ಲಿ ಅಕ್ಷರದ ನೆರಳು, ಆದರೆ ಬಾಯಿ ಆಗಲೇ ಶುರು ಮಾಡಿತ್ತು, ಗ, ಟ, ರ, ಪ, ವ. ಪರೀಕ್ಷೆ ಅಂದರೆ ಬಾಯಿ ಹಾಗೇ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತು, ಎಲ್ಲರಿಗಿಂತ ಹಿಂದೆ ಬೀಳುತ್ತೇನೆಂಬ ಹೆದರಿಕೆಗೆ ಪುಸ್ತಕವನ್ನು ಪುಟಪುಟವಾಗಿ ಬಾಯಿಪಾಠ ಮಾಡಿದವಳು, ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳಿ ಬೈಸಿಕೊಂಡವಳು, ತಿಳ್ಕೊಂಡು ಹೇಳಮ್ಮ, ನೆನಪಿಟ್ಕೊಂಡು ಹೇಳ್ಬೇಡ, ಅನ್ನುತ್ತಿದ್ದರು ಮೇಷ್ಟ್ರು. ಭೇಷ್, ನಿಮಗೇನ್ರೀ ಆಗಿದೆ ಅಂದಳು ನರ್ಸಮ್ಮ, ಗಟ್ಟಿಮುಟ್ಟಾದ ಕಣ್ಣು, ಒಂದ್ಸಲ ಡಾಕ್ಟರಿಗೆ ತೋರಿಸಿ ಹೋಗಿಬಿಡಿ. ಪಾಸಾದೆ ಎಂದು ಒಂದು ಗಳಿಗೆ ಎದೆ ಹಗುರಾಯಿತು, ಅಷ್ಟೇ, ಒಂದೇ ಗಳಿಗೆ, ಹೊರಗೆ ಬಂದು ಈ ಕುರ್ಚಿಯಲ್ಲಿ ಕೂತದ್ದೇ ತಡ, ಎದುರಿಗೆ ಈ ಸಿಲಿಂಡರು. ಅಕ್ಷರಕ್ಕೆ ಬಾಯಿಪಾಠವುಂಟು, ಕೆಂಪಿಗೆ ಏನು ಬಾಯಿಪಾಠ.

ಕೆಂಪೆಂದರೆ ಏಡ್ಸು. ಬೇರೆಯವರಿಗೆ ಕೆಂಪೆಂದರೆ ಹೂವೋ ರಕ್ತವೋ ನಿಲ್ಲು ಅನ್ನುವ ದೀಪವೋ, ಅವಳಿಗೆ ಹನ್ನೊಂದು ವರ್ಷದಿಂದ ಬಣ್ಣಕ್ಕೊಂದು ಕಾಯಿಲೆ — ಗುಲಾಬಿ ಸ್ತನದ ಕ್ಯಾನ್ಸರು, ಕಡುನೀಲಿ ದೊಡ್ಡಕರುಳು, ಬೂದು ಮಿದುಳಿನ ಗೆಡ್ಡೆ, ನೇರಳೆ ಮರೆವಿನ ಕಾಯಿಲೆ, ಹಸಿರು ಮನಸ್ಸಿನದು, ಕುದುರೆಯ ಹಾಗಿರುವ ಆ ಪಟ್ಟೆಪಟ್ಟೆ ಪ್ರಾಣಿಯ ಬಿಳಿಕಪ್ಪು ಗೆರೆಯೆಂದರೆ ಹೆಸರೇ ಕೇಳದ ಅಪರೂಪದ ರೋಗಗಳೆಲ್ಲ. ಆ ರೋಗದ ಬಗ್ಗೆ ನಾಲ್ಕು ಜನಕ್ಕೆ ಅರಿವಾಗಲಿ ಎಂದು ಎದೆಯ ಮೇಲೆ ಚುಚ್ಚಿಕೊಳ್ಳುವ ಪುಟ್ಟ ರಿಬ್ಬನ್ನುಗಳು, ಅವನ್ನು ಮಾಡುವ ಜಾಗ ಅವಳದು, ಕಾರ್ಖಾನೆ ಅಂದರೆ ದೊಡ್ಡ ಮಾತಾಯಿತು, ಎರಡು ಕೋಣೆ, ಒಂದು ಉಗ್ರಾಣ, ಒಂಬತ್ತು ಹೆಂಗಸರು. ಗೇಣುದ್ದಕ್ಕೆ ಬಿಸಿ ಅಲಗಿನಲ್ಲಿ ಕತ್ತರಿಸಬೇಕು, ಅಂಚು ಕರಗಿ ಕಚ್ಚಿಕೊಳ್ಳುತ್ತದೆ, ನೂಲು ಬಿಚ್ಚುವುದಿಲ್ಲ, ಆ ಸುಟ್ಟ ವಾಸನೆ ಸಂಜೆ ಮನೆಗೆ ಹೋದರೂ ಕೂದಲಲ್ಲಿರುತ್ತದೆ, ಆಮೇಲೆ ಕುಣಿಕೆಯಾಗಿ ಮಡಿಸಬೇಕು, ಎರಡು ಕಾಲು ಒಂದರ ಮೇಲೊಂದು ಹಾಯುವಲ್ಲಿ ಒಂದು ಹೊಲಿಗೆ, ಬೆನ್ನಿಗೆ ಪಿನ್ನು, ಕೆಳಗೆ ಕಾರ್ಡು, ಕಾರ್ಡಿನಲ್ಲಿ ರೋಗದ ಹೆಸರು, ರೋಗದ ಲಕ್ಷಣ. ಮೊದಲ ಎರಡು ವರ್ಷ ಅವಳಿಗೆ ಕಾರ್ಡು ಓದಲು ಬರುತ್ತಿರಲಿಲ್ಲ, ಚಿನ್ನದ ಬಣ್ಣದ್ದನ್ನು ಮಡಿಸುವುದೆಂದರೆ ಎಲ್ಲಿಲ್ಲದ ಖುಷಿ, ಯಾವುದೋ ಓಟದ ಪಂದ್ಯದ ಬಹುಮಾನವಿರಬೇಕೆಂದುಕೊಂಡು ಹಾಡು ಗುನುಗಿಕೊಂಡು ದಿನಕ್ಕೆ ಮುನ್ನೂರು ಮಡಿಸುತ್ತಿದ್ದಳು, ಸಂಜೆ ತರಗತಿಯ ಆರನೇ ತಿಂಗಳು ಒಂದು ದಿನ ಕಾರ್ಡಿನ ಅಕ್ಷರಗಳು ತಾವಾಗಿ ಕೂಡಿಕೊಂಡವು, ಮಕ್ಕಳ, ಕ್ಯಾನ್ಸರ್, ಮಕ್ಕಳ ಕ್ಯಾನ್ಸರ್, ಕೈಯಲ್ಲಿದ್ದ ಕುಣಿಕೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು, ಎರಡು ವರ್ಷ ಗುನುಗಿದ ಹಾಡೆಲ್ಲ ಗಂಟಲಿಗೆ ವಾಪಸು ಬಂದ ಹಾಗೆ. ಅವತ್ತಿನಿಂದ ಅವಳು ಒಂದು ಕಾರ್ಡನ್ನೂ ಓದದೆ ಬಿಟ್ಟವಳಲ್ಲ. ಯಜಮಾನಿ ಇದನ್ನು ನೋಡಿಯೇ ತಪಾಸಣೆಯ ಕುರ್ಚಿಗೆ ಕೂರಿಸಿದ್ದು, ಒಂಬತ್ತು ವರ್ಷವಾಯಿತು, ಬಣ್ಣ ಸರಿಯಿದೆಯೇ, ಹೊಲಿಗೆ ಸರಿಯಿದೆಯೇ, ಕಾರ್ಡು ಸರಿಯಿದೆಯೇ, ಅವಳ ಸಹಿ ಬೀಳದೆ ಒಂದು ಡಬ್ಬಿ ಹೊರಗೆ ಹೋಗುವುದಿಲ್ಲ, ರಿಬ್ಬನ್ನಿನ ಒಂದು ಸುರುಳಿ ಒಳಗೆ ಬರುವುದಿಲ್ಲ, ಎಲ್ಲರೂ ಅವಳನ್ನು ತಕ್ಕಡಿ ಅನ್ನುತ್ತಾರೆ, ತಕ್ಕಡಿಯಕ್ಕ, ಎದುರಿಗೇ ಅನ್ನುತ್ತಾರೆ, ಅದರಲ್ಲಿ ಅರ್ಧ ಗೌರವ ಅರ್ಧ ಕೊಂಕು, ಅವಳಿಗೆ ಎರಡೂ ಇಷ್ಟ. ಇಷ್ಟವಿತ್ತು.

ಓದುವುದರಿಂದ ಆದ ಉಪಕಾರ ಇಷ್ಟಾದರೆ ಆದ ಅಪಕಾರ ಇನ್ನೊಂದು, ಓದಿದ ರೋಗವೆಲ್ಲ ಅವಳಿಗೇ ಬರುತ್ತಿತ್ತು. ಗುಲಾಬಿಯ ವಾರದಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಎದೆ ತಡವಿ ತಡವಿ ಕೆಂಪು ಮಾಡಿಕೊಂಡಳು, ಬೂದಿನ ವಾರದಲ್ಲಿ ತಲೆನೋವು, ನೇರಳೆಯ ವಾರದಲ್ಲಿ ಬೀಗದ ಕೈ ಎಲ್ಲಿಟ್ಟೆನೆಂಬುದು ಮರೆತು, ಮರೆತೆನೆಂದು ಹೆದರಿ, ಹೆದರಿದ್ದರಿಂದ ಇನ್ನಷ್ಟು ಮರೆತು, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿ, ಕಡುನೀಲಿಯ ವಾರದ್ದು ಹೇಳುವ ಹಾಗೇ ಇಲ್ಲ. ಕಡ್ಡಿಯನ್ನ ಗುಡ್ಡ ಮಾಡೋದ್ರಲ್ಲಿ ನಮ್ಮತ್ತಿಗೇನ ಬಿಟ್ರಿಲ್ಲ, ಅನ್ನುತ್ತಾಳೆ ನಾದಿನಿ ಮಡಿಸುವ ಮೇಜಿನಿಂದ ಎಲ್ಲರಿಗೂ ಕೇಳುವ ಹಾಗೆ, ಈ ವಾರ ಯಾವ ಬಣ್ಣ ಅತ್ತಿಗೆ, ಮೊದ್ಲೇ ಹೇಳಿಬಿಡಿ, ಅಡುಗೆ ನಾನೇ ಮಾಡಿಟ್ಟಿರ್ತೀನಿ, ಒಂಬತ್ತು ಹೆಂಗಸರೂ ನಗುತ್ತಾರೆ, ಅವಳೂ ನಗುತ್ತಾಳೆ, ಅಷ್ಟು ನಕ್ಕ ಮೇಲೆ ರೋಗ ನಾಚಿಕೊಂಡು ಹೋಗಿಬಿಡುತ್ತಿತ್ತು. ಇದು ಮಾತ್ರ ಹೋಗಲಿಲ್ಲ. ಇದು ಬಂದಾಗ ಮೇಜಿನ ಮೇಲೆ ಯಾವ ಕಾರ್ಡೂ ಇರಲಿಲ್ಲ, ಓದಿ ಬಂದದ್ದಲ್ಲ, ಅದೇ ಅವಳ ಹೆದರಿಕೆ, ತಾನಾಗಿಯೇ ಬಂತು, ಮೊದಲು ಕಣ್ಣು ಹೊರಳಿಸಿದರೆ ಗುಡ್ಡೆಯ ಹಿಂದೆ ಯಾರೋ ದಾರ ಕಟ್ಟಿ ಎಳೆದ ನೋವು, ಆಮೇಲೆ ನೋವು ಕಡಿಮೆಯಾಯಿತು, ಕಡಿಮೆಯಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮಸುಕು. ಕಾರ್ಡು ನೆನಪಾದದ್ದು ಎಷ್ಟೋ ಆಮೇಲೆ, ಮೊನ್ನೆ. ಕಿತ್ತಳೆ. ಅಪರೂಪಕ್ಕೆ ವರ್ಷಕ್ಕೊಂದು ಸಲ ಬರುವ ಕಿತ್ತಳೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಹೆಸರು ಹೇಳಲು ನಾಲಿಗೆಗೆ ಬರದೆ ಎಲ್ಲರೂ ಕಿತ್ತಳೆ ಅಂದೇ ಅನ್ನುತ್ತಿದ್ದರು, ಕಾರ್ಡನ್ನು ಅವಳೇ ಮೂರು ಸಲ ಓದಿ ಸಹಿ ಹಾಕಿದ್ದಳು, ನರಗಳ ಮೇಲಿನ ಹೊದಿಕೆ ಸವೆಯುವ ಕಾಯಿಲೆ, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಒಂದು ಕಣ್ಣಿನಲ್ಲಿ ನೋವು, ಆ ಕಣ್ಣಿಗೆ ಬಣ್ಣಗಳು, ಮುಖ್ಯವಾಗಿ ಕೆಂಪು, ಮಾಸಿದಂತೆ ಕಾಣುವುದು. ಮುಖ್ಯವಾಗಿ ಕೆಂಪು. ಆ ಎರಡು ಪದದ ಮೇಲೆ ಅವಳ ಪೆನ್ಸಿಲು ಹಾದುಹೋಗಿತ್ತು, ಸರಿಯಿದೆ ಎಂದು ಪಕ್ಕದಲ್ಲಿ ಗುರುತು ಹಾಕಿತ್ತು. ಎಲ್ಲ ಕಣ್ಣು ಮಂಜೂ ಅದೇ ಆಗಬೇಕೆಂದೇನಿಲ್ಲ ಎಂದು ಕೂಡ ಬರೆದಿತ್ತು ಕಾರ್ಡಿನ ಕೊನೆಗೆ, ಸಣ್ಣ ಅಕ್ಷರದಲ್ಲಿ, ವೈದ್ಯರನ್ನು ಕಾಣಿರಿ. ಈ ಸಲ ಅವಳು ಯಾರಿಗೂ ಹೇಳಲಿಲ್ಲ. ತೋಳ ಬಂತು ತೋಳ ಎಂದು ಹತ್ತು ಸಲ ಕೂಗಿದವಳಿಗೆ ನಿಜವಾದ ತೋಳ ಎದುರು ನಿಂತಾಗ ದನಿಯೇ ಏಳುವುದಿಲ್ಲ, ಎಡಗಾಲು ಈಗ ಜೋಮು ಹಿಡಿದಿದೆ, ಕೂತು ಕೂತು ಹಿಡಿದದ್ದೇ, ಅಥವಾ — ಹೆಬ್ಬೆರಳು ಆಡಿಸಿದಳು, ಆಡಿತು, ಮತ್ತೆ ಆಡಿಸಿದಳು.

ಇಷ್ಟೇ ಆಗಿದ್ದರೆ ತನ್ನ ಕಣ್ಣು ತನ್ನ ಪಾಡು. ಬಣ್ಣದ ಮಾವ ನಡುವೆ ಬಾರದೆ ಇದ್ದಿದ್ದರೆ. ಸುರುಳಿಗಳಿಗೆ ಬಣ್ಣ ಕಟ್ಟಿಕೊಡುವ ಮುದುಕ, ಎಲ್ಲರಿಗೂ ಮಾವ, ಮೂವತ್ತು ವರ್ಷದಿಂದ ಅದೇ ಕೆಲಸ, ಉಗುರಿನ ಸಂದಿಯಲ್ಲಿ ಹಿಂದಿನ ವಾರದ ಬಣ್ಣ, ಮಾವನ ಉಗುರು ನೋಡಿದರೆ ಊರಿಗೆ ಯಾವ ರೋಗ ಬಂದಿದೆ ಅಂತ ಗೊತ್ತಾಗುತ್ತೆ ಎಂದು ನಾದಿನಿ ನಗಾಡುತ್ತಾಳೆ. ಈ ತಿಂಗಳು ಕೆಂಪು ಬೇಕಿತ್ತು, ನಾನೂರು, ನಾಡಿದ್ದು ಒಂದು ಸಭೆ, ಏಡ್ಸಿನಿಂದ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರಂತೆ, ಒಂದೊಂದು ಹೆಸರಿಗೂ ಒಬ್ಬರು ಎದ್ದು ನಿಂತು ಚುಚ್ಚಿಕೊಳ್ಳುತ್ತಾರಂತೆ, ಹಾಗಿರುವಾಗ ಬಣ್ಣ ಹೆಚ್ಚುಕಡಿಮೆಯಾದರೆ ಹೇಗೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕೆಂದು ಯಜಮಾನಿ ಹೇಳಿದ್ದರು, ಅವಳು ನೋಡಿದಳು. ನೋಡುವುದು ಹೇಗೆಂದರೆ, ಗಡಿಯಾರ ರಿಪೇರಿಯವರು ಸಿಕ್ಕಿಸಿಕೊಳ್ಳುವಂಥ ಪುಟ್ಟ ಭೂತಗನ್ನಡಿಯನ್ನು ಎಡಗಣ್ಣಿನ ಗೂಡಿಗೆ ಸಿಕ್ಕಿಸಿ, ಬಲಗಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಸುರುಳಿಯ ತುದಿಯನ್ನೂ ಮಾದರಿ ಬಣ್ಣದ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು, ಒಂಬತ್ತು ವರ್ಷದಿಂದ ಎಡಗಣ್ಣೇ, ಬಲಗೈಯಲ್ಲಿ ಸುರುಳಿ ಹಿಡಿಯುವುದರಿಂದ ಅದೇ ಅನುಕೂಲ. ಪಟ್ಟಿಯ ಕೆಂಪೂ ಮಾಸಿ ಕಾಣಬೇಕಿತ್ತಲ್ಲ, ಎರಡೂ ಒಟ್ಟಿಗೆ ಮಾಸಿದರೆ ಎರಡೂ ಒಂದೇ ಅನಿಸಬೇಕಿತ್ತಲ್ಲ, ಎಷ್ಟು ಸಲ ಯೋಚಿಸಿದ್ದಾಳೆ ಇದನ್ನು, ಪಟ್ಟಿ ಮಾಸಿದ್ದೂ ನಿಜ, ಪಟ್ಟಿ ಹಳೆಯದಾಯಿತು ಎಂದುಕೊಂಡಳು ಅವಳು, ತಕ್ಕಡಿಯಲ್ಲವೇ, ತಲೆಯೊಳಗೆ ಇರುವ ಕೆಂಪೇ ಸರಿಯಾದ ಕೆಂಪೆಂದು ಪಟ್ಟಿಯನ್ನು ಬದಿಗೆ ಸರಿಸಿ ನೆನಪಿನಿಂದ ತೂಗಿದಳು. ತಿಳ್ಕೊಂಡು ಹೇಳಮ್ಮ, ನೆನಪಿಟ್ಕೊಂಡು ಹೇಳ್ಬೇಡ. ಬಣ್ಣ ಮಾಸಿದೆ, ವಾಪಸು, ಸಹಿ. ಎರಡನೇ ಸುರುಳಿ, ಬಣ್ಣ ಮಾಸಿದೆ, ವಾಪಸು, ಸಹಿ. ಇನ್ನೂ ಎರಡು ಹನಿ ಹೆಚ್ಚು ಹಾಕಿದೀನಿ ಅಕ್ಕಾ, ಇದಕ್ಕಿಂತ ಕೆಂಪು ಆ ನೂಲು ಕುಡಿಯೋದೇ ಇಲ್ಲ, ಅಂದಿದ್ದ ಮುದುಕ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ನಿಮಗೇನು ಕಾಣ್ತಿದೆಯೋ ನಾ ಕಾಣೆ. ಯಜಮಾನಿ ಒಳಗಿನಿಂದ ಕೇಳಿಸಿಕೊಂಡು, ಅವರ ಕಣ್ಣಿನ ವಿಷಯ ನೀನು ಮಾತಾಡ್ಬೇಡಪ್ಪ, ಅವರು ಇಲ್ಲ ಅಂದ್ರೆ ಇಲ್ಲ, ಅಂದರು, ಆ ಮಾತು ಅವಳಿಗೆ ಬೆನ್ನು ನೇವರಿಸಿದ ಹಾಗಿತ್ತು, ಛೆ, ಹೌದು, ನೇವರಿಸಿದ ಹಾಗೇ ಇತ್ತು, ಮುದುಕ ಸುರುಳಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ.

ಮೊನ್ನೆ ಮೂರನೆಯದು ತಂದ. ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ, ನಿಂತವನ ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು, ಅದನ್ನಾದರೂ ನೋಡಬೇಕಿತ್ತು ಅವಳು, ಎರಡು ಕಣ್ಣೂ ತೆರೆದು ಆ ಕೈಯನ್ನು ನೋಡಿದ್ದರೆ ಸಾಕಿತ್ತು, ಭೂತಗನ್ನಡಿ ಸಿಕ್ಕಿಸಿದಳು, ಮಾಸಿದೆ, ನೋವು ಚಳಕ್ಕೆಂದು ಕಣ್ಣಲ್ಲಿ ನೀರು ತುಂಬಿತು, ಗಾಜು ತೆಗೆದು ಒರೆಸಿ, ತಾಳಲಾರದೆ ಬಲಗಣ್ಣಿಗೆ ಸಿಕ್ಕಿಸಿದಳು — ಬೆಂಕಿ. ಮೇಜಿನ ಮೇಲೆ ಬೆಂಕಿ ಹತ್ತಿದ ಹಾಗೆ ಕೆಂಪು, ಪಟ್ಟಿಯ ಕೆಂಪು, ಸುರುಳಿಯ ಕೆಂಪು, ಎರಡರ ನಡುವೆ ಕೂದಲೆಳೆ ಹಿಡಿಯುವಷ್ಟೂ ವ್ಯತ್ಯಾಸವಿಲ್ಲ. ಗಾಜು ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ, ಆಗ ಹೇಳಬೇಕಿತ್ತು, ಮಾವ ನಿಮ್ಮ ಬಣ್ಣ ಸರಿಯಿದೆ, ನನ್ನ ಕಣ್ಣು ಸರಿಯಿಲ್ಲ ಎಂದು, ಏಳೇ ಏಳು ಪದ, ಅವಳು ಏನು ಹೇಳಿದಳು, ಇರಲಿ ಬಿಡಿ ಮಾವ, ಈ ಸಲ ಹೇಗೋ ತಗೊಳ್ತೀನಿ, ಅಂದಳು. ಹೇಗೋ. ಉಪಕಾರ ಮಾಡಿದವಳ ಹಾಗೆ. ಮುದುಕನ ಮುಖ ಅರಳಿತು, ದೊಡ್ಡ ಉಪಕಾರ ಆಯ್ತಕ್ಕಾ, ಅಂದ, ತನ್ನ ಸರಿಯಾದ ಬಣ್ಣಕ್ಕೆ ತಾನೇ ಉಪಕಾರ ಹೇಳಿ, ವಯಸ್ಸಾಯ್ತು ನೋಡಿ, ಕೈ ಅಳತೆ ತಪ್ತಿದೆಯೇನೋ, ಅಂದ, ಅಂದು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಅವನಿಗೆ ಅವನ ಕೈಯ ಮೇಲೆ ಅನುಮಾನ ಬರಿಸಿದ್ದು ಅವಳು, ಮೂವತ್ತು ವರ್ಷದ ಕೈಯ ಮೇಲೆ. ಸಂಜೆ ಯಜಮಾನಿ ಕರೆದು, ಈ ತಿಂಗಳು ಮುಗೀಲಿ, ಮುದುಕನ್ನ ಬಿಡಿಸಿ ಬೇರೆಯವರಿಗೆ ಕೊಟ್ಬಿಡೋಣ, ಅವನಿಗೆ ಬಣ್ಣ ಗೊತ್ತಾಗ್ತಿಲ್ಲ, ವಾಪಸು ಅಂತ ನೀವು ಬರೆದ ಎರಡು ಚೀಟಿನೂ ಇಟ್ಕೊಂಡಿದೀನಿ, ಏನಂತೀರಿ, ಅಂದರು. ತಲೆ ಅಲ್ಲಾಡಿಸಿದಳು, ಹೌದೆಂದೋ ಅಲ್ಲವೆಂದೋ ತನಗೇ ತಿಳಿಯದ ಹಾಗೆ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಮನೆಗೆ ಹೋದಳು. ಹೇಳಿದರೆ ಆ ಕುರ್ಚಿ ಹೋಯಿತು, ಕಣ್ಣಿಲ್ಲದ ತಕ್ಕಡಿ ಯಾರಿಗೆ ಬೇಕು, ಹೇಳದಿದ್ದರೆ ಮುದುಕ ಹೋದ. ಮತ್ತೆ ಡಬ್ಬಿಗಳು, ದೇವರೇ, ಈ ಮೂರು ವಾರದಲ್ಲಿ ಸಹಿ ಹಾಕಿ ಕಳಿಸಿದ ಡಬ್ಬಿಗಳು, ಹನ್ನೆರಡೋ ಹದಿಮೂರೋ, ಗುಲಾಬಿ ಹೋಯಿತು, ಬೂದು ಹೋಯಿತು, ಚಿನ್ನದ್ದೂ ಹೋಯಿತು, ಎಲ್ಲವನ್ನೂ ಅದೇ ಎಡಗಣ್ಣಲ್ಲಿ ನೋಡಿದ್ದು, ಗುಲಾಬಿ ಬೂದಿನ ಹಾಗಿದ್ದರೆ, ಚಿನ್ನ ಮಣ್ಣಿನ ಹಾಗಿದ್ದರೆ, ಎಲ್ಲೋ ಒಂದು ಮಗುವಿನ ತಾಯಿ ಡಬ್ಬಿ ಬಿಚ್ಚಿ, ಇದೇನು ಈ ಬಣ್ಣ, ನನ್ನ ಮಗುವಿಗೆ ಇದು ಸಾಕು ಅಂದುಕೊಂಡರಾ ಎಂದು — ಇಲ್ಲ, ಹಾಗಾಗಿರಲಾರದು, ಮಡಿಸುವವರೂ ನೋಡಿರುತ್ತಾರೆ, ನಾದಿನಿ ನೋಡಿರುತ್ತಾಳೆ, ಆದರೆ ತಕ್ಕಡಿ ಸರಿ ಅಂದಮೇಲೆ ಯಾರು ನೋಡುತ್ತಾರೆ.

ಒಳಗೆ ಬರ್ಬೇಕಂತೆ ಅತ್ತಿಗೆ, ಏಳಿ, ಯಾಕೆ ಕೈ ಇಷ್ಟು ತಣ್ಣಗಿದೆ, ಅಂದಳು ನಾದಿನಿ. ನೀನು ಇಲ್ಲೇ ಕೂತಿರೇ ಅನ್ನಬೇಕೆಂದುಕೊಂಡಳು, ನಾದಿನಿ ಆಗಲೇ ಬಾಗಿಲು ತಳ್ಳಿ ಹಿಡಿದಿದ್ದಳು, ಬಾಗಿಲಿನ ಎಡ ಚೌಕಟ್ಟು ಭುಜಕ್ಕೆ ತಾಗಿತು, ಅದು ಅಲ್ಲಿತ್ತೆಂದು ತಾಗಿದ ಮೇಲೆ ಗೊತ್ತಾಯಿತು. ಕೋಣೆ ಅರೆಗತ್ತಲು, ಡಾಕ್ಟರು ವಯಸ್ಸಾದವರು, ದನಿ ಮೆತ್ತಗೆ, ಕೂತ್ಕೊಳ್ಳಿ ತಾಯಿ, ಏನು ತೊಂದರೆ, ಧೂಳು ಬಿದ್ದಿದೆ ಡಾಕ್ಟ್ರೇ ಎಂದು ನಾದಿನಿಯೇ ಉತ್ತರ ಕೊಟ್ಟಳು, ಇವರಿಗೆ ಧೂಳು ಬಿದ್ರೂ ಪರ್ವತ ಬಿದ್ದ ಹಾಗೆ, ಡಾಕ್ಟರು ನಗಲಿಲ್ಲ, ಚೀಟಿ ನೋಡಿದರು, ಎರಡೂ ಚೆನ್ನಾಗಿದೆಯಲ್ಲ ಅಂದರು, ನೋವಿದೆಯಾ, ಕಣ್ಣು ಆಡಿಸಿದಾಗ, ಹೂಂ ಅಂದಳು, ಬಾಯಿ ತಾನಾಗಿ ಅಂದದ್ದು, ನಾದಿನಿ ಇತ್ತ ತಿರುಗಿದ್ದು ಗೊತ್ತಾಯಿತು. ಎಷ್ಟು ದಿನದಿಂದ. ಮೂರು ವಾರ. ಡಾಕ್ಟರು ಸಣ್ಣ ಟಾರ್ಚನ್ನು ಬಲಗಣ್ಣಿಗೆ ಬಿಟ್ಟರು, ಎಡಕ್ಕೆ ತಂದರು, ಬಲಕ್ಕೆ, ಎಡಕ್ಕೆ, ಎಡಕ್ಕೆ ಬಂದಾಗಲೆಲ್ಲ ಒಂದು ಗಳಿಗೆ ಹೆಚ್ಚು ನಿಂತರು, ಮಾತಾಡಲಿಲ್ಲ, ಮಾತಾಡದ ಡಾಕ್ಟರಿಗಿಂತ ಬೈಯುವ ಡಾಕ್ಟರೇ ಮೇಲು, ಎದುರು ಗೋಡೆಯಲ್ಲಿ ಕಣ್ಣಿನ ದೊಡ್ಡ ಚಿತ್ರ, ಗುಡ್ಡೆಯ ಹಿಂದಿನಿಂದ ಹಗ್ಗದ ಹಾಗೆ ಒಂದು ನರ, ಅದಕ್ಕೆ ಚಿತ್ರಗಾರ ಹಚ್ಚಿದ್ದ ಬಣ್ಣ ಕಿತ್ತಳೆಯೋ ಹಳದಿಯೋ, ಹಳದಿ, ಹಳದಿಯೇ ಇರಲಿ. ಡಾಕ್ಟರು ಮೇಜಿನ ಮೇಲಿದ್ದ ಹನಿಮದ್ದಿನ ಸೀಸೆಯೊಂದನ್ನು ಎತ್ತಿಕೊಂಡು, ತಿರುಗಿಸಿ ಮುಚ್ಚಳ ಬಿಚ್ಚಿದರು, ಸೀಸೆ ಕೆಳಗಿಟ್ಟು ಮುಚ್ಚಳವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದರು. ಹೆಬ್ಬೆರಳ ಉಗುರಿನಷ್ಟಿತ್ತು. ಕೆಂಪಗಿತ್ತು.

ಇದು ಪರೀಕ್ಷೆ ಅಂತ ಅಂದ್ಕೋಬೇಡಿ ತಾಯಿ, ಅಂದರು, ಸುಮ್ನೆ ನಿಮಗೆ ಕಂಡದ್ದು ಹೇಳಿ, ಎಡಗಣ್ಣು ಮುಚ್ಚಿ, ಇದು ಯಾವ ಬಣ್ಣ. ಕೆಂಪು. ಸರಿ, ಈ ಕೆಂಪನ್ನ ನೂರಕ್ಕೆ ನೂರು ಅಂತ ಇಟ್ಕೊಳ್ಳಿ, ಈಗ ಬಲಗಣ್ಣು ಮುಚ್ಚಿ, ಈ ಕಣ್ಣಲ್ಲಿ ನೂರಕ್ಕೆ ಎಷ್ಟು ಕೆಂಪು ಇದೆ, ಹೇಳಿ. ಬಾಯಿ ತೆರೆಯಿತು, ನೂರು ಅನ್ನಲು ತೆರೆದದ್ದು, ಅಷ್ಟೇ ಸಾಕಲ್ಲ, ನೂರು ಅಂದರೆ ಹನಿಮದ್ದು ಬರೆದುಕೊಡುತ್ತಾರೆ, ಧೂಳು ಧೂಳಾಗಿಯೇ ಉಳಿಯುತ್ತದೆ, ನಾಳೆ ಕುರ್ಚಿಯಲ್ಲಿ ಕೂತು ಗಾಜನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡರಾಯಿತು, ಯಾರು ಕೇಳುತ್ತಾರೆ, ಮೂವತ್ತೈದಕ್ಕೆ ಪಾಸು, ಐವತ್ತು ಅಂದರೂ ನಡೆದೀತು, ಐವತ್ತು ಎಂದರೆ ಸ್ವಲ್ಪ ಮಂಜು, ವಯಸ್ಸಿಗೆ ಬರುವುದೇ — ಅವಳು ಮುಚ್ಚಳವನ್ನು ನೋಡಿದಳು. ಹಂಚಿನ ಚೂರು, ನೆನೆದ ಇಟ್ಟಿಗೆ, ತೊಳೆದು ತೊಳೆದು ಉಳಿದ ಕಲೆ, ನಡುಮಧ್ಯೆ ಅದೂ ಇಲ್ಲ, ಬರೀ ಅಂಚು. ಇದನ್ನು ಯಾರಾದರೂ ಕೆಂಪೆಂದು ಮೇಜಿಗೆ ತಂದಿಟ್ಟಿದ್ದರೆ ಅವಳು ಏನು ಬರೆಯುತ್ತಿದ್ದಳು. ಯಾವ ಬಣ್ಣಕ್ಕೂ ಅವಳು ಇಲ್ಲದ ಅಂಕ ಕೊಟ್ಟವಳಲ್ಲ, ಇದೊಂದನ್ನು ಅವಳಿಂದ ಕಿತ್ತುಕೊಳ್ಳಲಾಗದು, ಕಣ್ಣು ಹೋದರೂ. ಇಪ್ಪತ್ತು, ಅಂದಳು. ಅತ್ತಿಗೆ, ಅಂದಳು ನಾದಿನಿ, ಆ ದನಿಯಲ್ಲಿ ತಮಾಷೆಯ ತುಣುಕೂ ಇರಲಿಲ್ಲ, ಅತ್ತಿಗೆ, ಏನು ಹೇಳ್ತಿದ್ದೀರಿ. ಅಕ್ಷರಗಳನ್ನ ನಾನು ನೋಡಿ ಹೇಳ್ಲಿಲ್ಲ ಡಾಕ್ಟ್ರೇ, ನೆನಪಿನಿಂದ ಹೇಳಿದೆ, ಆ ಚೀಟಿ ತಪ್ಪು, ಮತ್ತೆ ಆ ಸುರುಳಿಗಳು ಸರಿಯಾಗಿದ್ವು, ಮೂರೂ ಸರಿಯಾಗಿದ್ವು. ಯಾವ ಸುರುಳಿ, ಅಂದರು ಡಾಕ್ಟರು. ನಾದಿನಿ ಕೇಳಲಿಲ್ಲ, ನಾದಿನಿಗೆ ತಿಳಿಯಿತು, ಕುರ್ಚಿ ಕಿರ್ರೆಂದು ಸರಿಯಿತು, ಹಿಂದಿನಿಂದ ಅವಳ ಕೈ ಬಂದು ಹೆಗಲನ್ನು ಹಿಡಿಯಿತು, ಬಿಗಿಯಾಗಿ, ನೋಯುವಷ್ಟು, ಮುಂದೇನು ಎಂದು ಕೇಳಬೇಕು, ಕಿತ್ತಳೆಯೇ ಎಂದು ಕೇಳಬೇಕು, ತಲೆಯ ಫೋಟೋ ಒಂದು ತೆಗೆಸಬೇಕು ತಾಯಿ, ಇವತ್ತೇ, ಅಂದರು ಡಾಕ್ಟರು, ಹೆದರಬೇಡಿ ಅಂದರು, ಬಲಗಣ್ಣು ಮುಚ್ಚಿ ಇನ್ನೊಂದ್ಸಲ ನೋಡಿ ಹೇಳಿಬಿಡಿ, ಎರಡು ಬೆರಳು, ನಡುವೆ ಮುಚ್ಚಳ, ಬೆರಳು ಕಾಣುತ್ತಿದೆ, ಬೆರಳಿನ ಗೆರೆ ಕಾಣುತ್ತಿದೆ, ಮುಚ್ಚಳ, ಅವಳು ಕಣ್ಣನ್ನು ಅಗಲಿಸಿದಳು, ಮುಚ್ಚಳವಿರುವ ಜಾಗ, ಬೆರಳು ಯಾವುದನ್ನೋ ಹಿಡಿದುಕೊಂಡಿದೆ, ಬಿಡದೆ ಹಿಡಿದುಕೊಂಡಿದೆ, ಎರಡು ಬೆರಳು, ನಡುವೆ